ಲೀಡರ್ ಆಗಲು ಇನ್ನೆಷ್ಟು ಶಿಖರ ಏರಬೇಕು?

ನಿಮ್ಮ ಪತ್ರ ಓದಿದೆ. ಪರ್ವತಾರೋಹಣದ ಬೇಸಿಕ್, ಅಡ್ವಾನ್ಸ್ ಎರಡೂ ಕೋರ್ಸ್ ಮುಗಿಸಿದ್ದೀರಿ. ಬೇರೆಯವರ ಹಿಂದೆ ಹಗ್ಗ ಕಟ್ಟಿಕೊಂಡು ಹಲವು ಹಿಮಶಿಖರ ಏರಿದ್ದೀರಿ. ಮುಂದಿನ ಸೀಸನ್‌ನಲ್ಲಿ ಹೊಸಬರ ತಂಡವೊಂದನ್ನು ನೀವೇ ಕರೆದುಕೊಂಡು ಹೋಗಿ ಎಂದು ಕ್ಲಬ್‌ನವರು ಕೇಳುತ್ತಿದ್ದಾರೆ. "ಅಷ್ಟರೊಳಗೆ ಇನ್ನೆಷ್ಟು ಕಷ್ಟದ ದಾರಿ ಏರಬೇಕು? ಯಾವ ವ್ಯಾಯಾಮ ಜಾಸ್ತಿ ಮಾಡಬೇಕು? ಅಥವಾ ಸುಮ್ನೆ ಬೇಡ ಅಂದುಬಿಡಲಾ?" ಎಂಬುದು ನಿಮ್ಮ ಪ್ರಶ್ನೆ.

ವ್ಯಾಯಾಮದ ಮಾತು ಬೇಗ ಮುಗಿಯುತ್ತದೆ. ತಂಡದವರೆಲ್ಲ ಸುಸ್ತಾಗಿ ಕೂತಾಗಲೂ ನಿಮ್ಮಲ್ಲಿ ದಮ್ಮು ಉಳಿದಿರಬೇಕು, ಅಷ್ಟೇ. ಕಷ್ಟದ ದಾರಿಗಳ ಲೆಕ್ಕವೂ ಬೇಡ. ಇನ್ನೊಬ್ಬರನ್ನು ಕರೆದೊಯ್ಯುವ ದಾರಿ ನಿಮ್ಮ ಮಿತಿಗಿಂತ ಎಷ್ಟೋ ಸುಲಭವಾಗಿರಬೇಕು ತಾನೇ? ಏರುವುದರಲ್ಲಿ ನಿಮಗೆ ಕೊರತೆ ಕಾಣುತ್ತಿಲ್ಲ. ಕೊರತೆ ಇರುವುದು ತೀರ್ಮಾನ ಮಾಡುವ ಅಭ್ಯಾಸದಲ್ಲಿ. ಹಿಂದೆ ನಡೆದು ಬಂದವರಿಗೆ ಅದು ಸಿಗುವುದೇ ಅಪರೂಪ.

ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದ ದುರಂತ ನಿಮಗೆ ಗೊತ್ತಿರಬಹುದು. 1865ರ ಜುಲೈ 14ರಂದು ಇಂಗ್ಲೆಂಡಿನ ಆರೋಹಿ ಎಡ್ವರ್ಡ್ ವಿಂಪರ್ ಸೇರಿ ಏಳು ಮಂದಿ ಮೊದಲ ಬಾರಿಗೆ ಅದರ ತುದಿ ಮುಟ್ಟಿದರು. ಇಳಿಯುವಾಗ ನಾಲ್ವರು ಸತ್ತರು. ಹಗ್ಗ ತುಂಡಾದದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಸಂಗತಿಗಳೇ ಮುಖ್ಯ ಅನಿಸುತ್ತವೆ. ಅದು ಒಂದೇ ತಂಡವಾಗಿರಲಿಲ್ಲ. ಬೇರೆ ಬೇರೆ ಬಂದವರು ಕೊನೇ ಗಳಿಗೆಯಲ್ಲಿ ಬೆಟ್ಟದ ಬುಡದ ಊರಾದ ಝರ್ಮಾಟ್‌ನಲ್ಲಿ ಒಂದಾದರು. ಅವರಲ್ಲಿ 19 ವರ್ಷದ ಡಗ್ಲಸ್ ಹ್ಯಾಡೋಗೆ ಅನುಭವ ತೀರಾ ಕಡಿಮೆ. ವಿಂಪರ್ ವಿಚಾರಿಸಿದರು. ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರವನ್ನು ಬಹಳ ಬೇಗ ಏರಿದ್ದಾನೆ ಎಂದರು ಅವನನ್ನು ಕರೆತಂದಿದ್ದ ಅನುಭವಿ ಆರೋಹಿ ಚಾರ್ಲ್ಸ್ ಹಡ್ಸನ್. ಅಲ್ಲಿಗೆ ಮಾತು ಮುಗಿಯಿತು. ಇಳಿಯುವ ಮುಂಚೆ ಇನ್ನೊಂದು ಮಾತು ಬಂತು: ಕಷ್ಟದ ಜಾಗದಲ್ಲಿ ಬಂಡೆಗೆ ಹಗ್ಗ ಕಟ್ಟಿ, ಹಿಡಿದು ಇಳಿಯೋಣ ಎಂದರು ವಿಂಪರ್. ಹಡ್ಸನ್ ಒಪ್ಪಿದರು. ಆದರೆ ಹಾಗೆಯೇ ಮಾಡಬೇಕೆಂದು ಖಚಿತವಾಗಲಿಲ್ಲ. ಇದನ್ನು ವಿಂಪರ್ ಅವರೇ ಬರೆದಿದ್ದಾರೆ. ಕೆಳಗೆ ಗೈಡ್ ಮಿಷೆಲ್ ಕ್ರೋ ತಮ್ಮ ಐಸ್ ಆ್ಯಕ್ಸ್ ಪಕ್ಕಕ್ಕಿಟ್ಟು, ಹ್ಯಾಡೋನ ಕಾಲು ಹಿಡಿದು ಒಂದೊಂದೇ ಹೆಜ್ಜೆ ಇಡಿಸುತ್ತಿದ್ದರು. ಹ್ಯಾಡೋ ಜಾರಿದ.

ಅನುಭವಿಗಳಿಗೆ ಅಲ್ಲಿ ಬರವಿರಲಿಲ್ಲ. ಹೂಂ ಅಂದವರೂ ಇದ್ದರು. "ಸರಿ, ಈಗಲೇ ಇಲ್ಲೇ ಕಟ್ಟಿ, ಅಲ್ಲಿವರೆಗೆ ಯಾರೂ ಇಳಿಯಬೇಡಿ" ಎನ್ನುವವರು ಇರಲಿಲ್ಲ. ಲೀಡರ್ ತರಬೇತಿಯ ತಿರುಳು ನನ್ನ ಪ್ರಕಾರ ಈ ಒಂದು ವಾಕ್ಯ ಹೇಳಲು ಕಲಿಯುವುದು.

ಹೇಗೆ ಕಲಿಯುವುದು? ಇಳಿತದಿಂದ ಶುರುಮಾಡಿ. ಇಳಿಯುವಾಗ ಅನುಭವಿ ಕೊನೆಯಲ್ಲಿರಬೇಕು, ಮೇಲಿನಿಂದ ಹಿಡಿಯಲು. ಹಾಗೆ ಮಾಡಿದರೆ ಮುಂದೆ ದಾರಿ ಹುಡುಕುವವರು ಹೊಸಬರಾಗುತ್ತಾರೆ. ಈ ತೊಡಕಿಗೆ ಪರಿಹಾರ ಹತ್ತುವಾಗಲೇ ಇದೆ. ಆಗಾಗ ಹಿಂದಿರುಗಿ ನೋಡಿ, ಇಳಿಯುವಾಗ ದಾರಿ ಹೇಗೆ ಕಾಣುತ್ತದೆ ಎಂದು ನೆನಪಿಟ್ಟುಕೊಳ್ಳಬೇಕು. ಮೇಲಿನಿಂದ "ಎಡಕ್ಕೆ, ಆ ಕಪ್ಪು ಬಂಡೆ ತನಕ" ಎಂದು ಹೇಳಲು ಬರಬೇಕು. ಹಿಂದೆ ನಡೆಯುವವರು ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಇನ್ನೊಬ್ಬರು ನೋಡಿಕೊಳ್ಳುತ್ತಾರಲ್ಲ!

ಆಮೇಲೆ ಶಾರ್ಟ್ ರೋಪಿಂಗ್. ನಡುವೆ ಕೆಲವೇ ಮೀಟರ್ ಹಗ್ಗ ಬಿಟ್ಟು, ಅದನ್ನು ಬಿಗಿಯಾಗಿ ಹಿಡಿದು ಜೊತೆಗೇ ನಡೆಯುವುದು. ಹಿಂದಿನವರ ಕಾಲು ತಪ್ಪಿದ ಕ್ಷಣದಲ್ಲೇ ತಡೆಯಬೇಕು. ಅರ್ಧ ಸೆಕೆಂಡ್ ತಡವಾದರೆ ಹಗ್ಗವೇ ನಿಮ್ಮನ್ನೂ ಎಳೆದೊಯ್ಯುತ್ತದೆ. ಕಡಿದಾದ ಗಟ್ಟಿ ಮಂಜುಗಡ್ಡೆಯ ಮೇಲೆ ಈ ವಿದ್ಯೆಯನ್ನು ನಂಬುವ ಹಾಗಿಲ್ಲ. ಅಲ್ಲಿ ನಿಂತು ಆಂಕರ್ ಹಾಕಲೇಬೇಕು, ಅಂದರೆ ಹಗ್ಗವನ್ನು ಮಂಜಿಗೋ ಬಂಡೆಗೋ ಭದ್ರವಾಗಿ ಬಿಗಿಯಬೇಕು. ನಡಿಗೆ ಎಲ್ಲಿ ಸಾಕು, ಆಂಕರ್ ಎಲ್ಲಿ ಬೇಕು ಎಂಬ ಗೆರೆ ಹಿಮದ ಗಟ್ಟಿತನದ ಜೊತೆ ಗಂಟೆಗಂಟೆಗೂ ಬದಲಾಗುತ್ತದೆ. ಓದಿ ಕಲಿಯುವ ವಿಷಯ ಇದಲ್ಲ. ಒಳ್ಳೆಯ ಗೈಡ್ ಒಬ್ಬರನ್ನು ಇದಕ್ಕೆಂದೇ ಗೊತ್ತುಮಾಡಿಕೊಳ್ಳಿ. ಅವರು ಹಿಂದೆ ಬರಲಿ, ಬೇಕೆಂದೇ ಜಾರಲಿ. ಕ್ರೆವಾಸ್‌ನಿಂದ, ಅಂದರೆ ಹಿಮನದಿಯ ಆಳವಾದ ಬಿರುಕಿನಿಂದ, ಮೇಲೆಳೆಯುವ ಅಭ್ಯಾಸವನ್ನೂ ಅವರ ಮುಂದೆಯೇ ಮಾಡಿ, ದಪ್ಪ ಗ್ಲೌಸ್ ಹಾಕಿಕೊಂಡು, ದಣಿದ ಮೇಲೆ.

ಸಮಯದ ಲೆಕ್ಕ ಇನ್ನೊಂದು. 1892ರಲ್ಲಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: 3 ಮೈಲಿಗೆ ಒಂದು ಗಂಟೆ, ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ಬೆಟ್ಟದ ನಡಿಗೆಗೆ ಮಾಡಿದ್ದು. ಹಗ್ಗ ಕಟ್ಟಿದ ಹೊಸಬರು ಹಾಗೆ ನಡೆಯುವುದಿಲ್ಲ. ಬೂಟಿನಡಿಗೆ ಕ್ರ್ಯಾಂಪಾನ್ ಎಂಬ ಲೋಹದ ಮುಳ್ಳುಗಳನ್ನು ಕಟ್ಟಿಕೊಳ್ಳುವುದಕ್ಕೇ ಎಷ್ಟೋ ಹೊತ್ತು ಹೋಗುತ್ತದೆ. ಪ್ರತಿ ಸಲವೂ ಮೊದಲೇ ಅಂದಾಜು ಬರೆದಿಟ್ಟು, ಸಂಜೆ ನಿಜವಾದ ಸಮಯದ ಜೊತೆ ಹೋಲಿಸಿ. ಬಿಸಿಲೇರಿದ ಮೇಲೆ ಬಿರುಕುಗಳನ್ನು ಮುಚ್ಚಿರುವ ಹಿಮದ ಸೇತುವೆಗಳು ಮೆತ್ತಗಾಗುತ್ತವೆ, ಕಲ್ಲುಗಳು ಉದುರಲು ಶುರುವಾಗುತ್ತವೆ. ಆದ್ದರಿಂದ ಎಷ್ಟು ಗಂಟೆಗೆ ಹಿಂದಿರುಗಬೇಕು ಎಂಬುದನ್ನು ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಿ. ತುದಿ ಕಣ್ಣೆದುರು ಕಾಣುವಾಗ ಮಾಡುವ ಲೆಕ್ಕ ಯಾವತ್ತೂ ತುದಿಯ ಪರವಾಗಿಯೇ ಇರುತ್ತದೆ!

ನೀವು ಪತ್ರದಲ್ಲಿ ಕೇಳದ ವಿಷಯ ಒಂದಿದೆ. ಲೀಡರ್ ಆದ ಕೂಡಲೇ ಉಳಿದವರು ಮಾತು ನಿಲ್ಲಿಸುತ್ತಾರೆ. ಇಯಾನ್ ಮೆಕಾಮನ್ ಎಂಬ ಸಂಶೋಧಕರು ಅಮೆರಿಕದ 700ಕ್ಕೂ ಹೆಚ್ಚು ಹಿಮಕುಸಿತದ ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಬರೆದರು. ಜನರನ್ನು ದಾರಿ ತಪ್ಪಿಸುವ ಯೋಚನೆಗಳ ಪಟ್ಟಿಯಲ್ಲಿ ಒಂದು ಇದು: "ಮುಂದಿರುವವರಿಗೆ ಗೊತ್ತಿರುತ್ತೆ ಬಿಡಿ." ಹೊಸಬರ ತಂಡದಲ್ಲಿ ಆ ಮುಂದಿರುವವರು ನೀವೇ. "ಎಲ್ಲರೂ ಓಕೆನಾ?" ಎಂದು ಕೇಳಬೇಡಿ, ಓಕೆ ಎಂದೇ ಉತ್ತರ ಬರುತ್ತದೆ. "ಇಲ್ಲಿ ನಿಮಗೆ ಇಷ್ಟವಾಗದ್ದು ಏನು?" ಎಂದು ಒಬ್ಬೊಬ್ಬರನ್ನೇ ಕೇಳಿ. ಎಲ್ಲರಿಗಿಂತ ಹೊಸಬರಿಂದ ಶುರುಮಾಡಿ. ನಿಮ್ಮ ಅಭಿಪ್ರಾಯ ಕೊನೆಗಿರಲಿ, ತೀರ್ಮಾನ ಮಾತ್ರ ನಿಮ್ಮದೇ.

ಮುಂದೆ ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆಯಿದ್ದರೆ, 1965ರಲ್ಲಿ ಶುರುವಾದ ಅಂತರರಾಷ್ಟ್ರೀಯ ಗೈಡ್‌ಗಳ ಒಕ್ಕೂಟ ಐಎಫ್‌ಎಂಜಿಎ ಮಾನ್ಯ ಮಾಡುವ ತರಬೇತಿ ಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಸ್ಕೀಯಿಂಗ್ ಕೂಡ ಚೆನ್ನಾಗಿ ಬರಬೇಕು. ಕ್ಲಬ್‌ನ ತಂಡಕ್ಕೆ ಅಷ್ಟು ಬೇಕಿಲ್ಲ.

ಹಾಗಾದರೆ ಒಪ್ಪಿಕೊಳ್ಳಬೇಕೇ? ಒಪ್ಪಿಕೊಳ್ಳಿ, ಆದರೆ ಷರತ್ತು ಹಾಕಿ. ನೀವು ಈಗಾಗಲೇ ಏರಿಳಿದ ದಾರಿಯೇ ಆಗಿರಲಿ. ನಿಮ್ಮಷ್ಟೇ ಅನುಭವ ಇರುವ ಇನ್ನೊಬ್ಬರು ಜೊತೆಗಿರಲಿ. ತಂಡದಲ್ಲಿ ಯಾರಿರಬೇಕು, ಯಾರು ಬೇಡ ಎಂಬ ಮಾತು ನಿಮ್ಮದಾಗಿರಲಿ. ಮೊದಲೆರಡರಲ್ಲಿ ಕ್ಲಬ್‌ನವರು ಚೌಕಾಸಿ ಮಾಡಿದರೆ ಕೂತು ಮಾತಾಡಿ. ಮೂರನೆಯದನ್ನು ಒಪ್ಪದಿದ್ದರೆ ಈ ಸೀಸನ್‌ಗೆ ಬೇಡ ಎಂದು ಬರೆದು ಕಳಿಸಿ.

— ಸಂಪಾದಕ