ಓದುಗರ ಪ್ರಶ್ನೆ: ಹೆಣ್ಣೋ ಗಂಡೋ, ತೀರ್ಮಾನ ಆಗುವುದೆಲ್ಲಿ?

ಪ್ರಶ್ನೆ: ನನಗೆ ಎರಡು ಹೆಣ್ಣುಮಕ್ಕಳು. ಈಗ ಮತ್ತೆ ಎರಡು ತಿಂಗಳು. ‘ನಿನ್ನ ಹೊಟ್ಟೇಲಿ ಹೆಣ್ಣೇ ಹುಟ್ಟೋದು’ ಎಂದು ಅತ್ತೆ ಹಂಗಿಸುತ್ತಾರೆ. ಗಂಡಾಗಲಿ ಎಂದು ನಾಟಿ ಔಷಧಿಯ ಪುಡಿ ತಂದಿಟ್ಟಿದ್ದಾರೆ. ಕುಡಿಯಬಹುದೇ?
– ಗೃಹಿಣಿ, ಪಾಂಡವಪುರ

ಉತ್ತರ: ಖಂಡಿತ ಕುಡಿಯಬೇಡಿ. ಹೆಣ್ಣೋ ಗಂಡೋ ಎಂಬುದು ಗರ್ಭ ಕಟ್ಟಿದ ದಿನವೇ ತೀರ್ಮಾನವಾಗಿದೆ. ಈಗ ಮಗುವಿನ ಹೃದಯ, ಕೈಕಾಲು ಮೂಡುವ ಕಾಲ. ಏನು ಬೆರೆಸಿದ್ದಾರೋ ತಿಳಿಯದ ಪುಡಿ ಇವನ್ನು ಕೆಡಿಸಬಲ್ಲದು, ಲಿಂಗ ಬದಲಿಸಲಾರದು. ಕುಡಿದಾಗಿದ್ದರೆ ಪೊಟ್ಟಣ ಸಮೇತ ವೈದ್ಯರ ಹತ್ತಿರ ಹೋಗಿ.

ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು (ಕ್ರೋಮೋಸೋಮ್) ಇವೆ. ಅದರಲ್ಲಿ ಒಂದು ಜೊತೆ ಹೆಂಗಸರಲ್ಲಿ ಎಕ್ಸ್–ಎಕ್ಸ್, ಗಂಡಸರಲ್ಲಿ ಎಕ್ಸ್–ವೈ. ಅಂಡವೋ ವೀರ್ಯಾಣುವೋ ತಯಾರಾಗುವಾಗ ಜೊತೆ ಬಿಡಿಯಾಗುತ್ತದೆ. ನಿಮ್ಮ ಅಂಡದಲ್ಲಿ ಎಕ್ಸ್ ಬಿಟ್ಟರೆ ಬೇರೆ ಇರಲು ಸಾಧ್ಯವೇ ಇಲ್ಲ. ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ವೈ ಹೊತ್ತದ್ದು ಅಂಡ ಸೇರಿದರೆ, ಅದರ ಮೇಲಿನ ಎಸ್‌ಆರ್‌ವೈ ಎಂಬ ಜೀನ್ ಆರೇಳನೇ ವಾರಕ್ಕೆ ಚಾಲೂ ಆಗಿ ವೃಷಣ ಬೆಳೆಸುತ್ತದೆ. 1990ರಲ್ಲಿ ಪತ್ತೆಯಾದ ಜೀನ್ ಅದು. ಅಪರೂಪಕ್ಕೆ ಅದು ಕೆಟ್ಟಿದ್ದರೆ, ವೈ ಇದ್ದರೂ ದೇಹ ಹೆಣ್ಣಾಗಿ ಬೆಳೆಯುತ್ತದೆ.

ಹಾಗೆಂದು ನಿಮ್ಮ ಯಜಮಾನರನ್ನು ದೂರುವಂತೆಯೂ ಇಲ್ಲ. ಯಾವ ವೀರ್ಯಾಣು ಮುಟ್ಟಬೇಕೆಂಬುದು ಅವರ ಕೈಯಲ್ಲಿಲ್ಲ. ಎರಡು ಹೆಣ್ಣಾದ ಮೇಲೆ ಮೂರನೆಯದು ಗಂಡೇ ಆಗಬೇಕೆಂಬ ಲೆಕ್ಕವೂ ಸುಳ್ಳು. ಪ್ರತಿ ಸಲವೂ ಸಾಧ್ಯತೆ ಅರ್ಧಕ್ಕರ್ಧ. ಇನ್ನು, ಸ್ಕ್ಯಾನಿಂಗ್ ಮಾಡಿಸಿ ನೋಡೋಣ ಎಂದು ಮನೆಯವರು ಹೊರಟರೆ ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯನ್ನು ನೆನಪಿಸಿ: ಪತ್ತೆ ಮಾಡಿಸಲು ಹೋದವರಿಗೂ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಬಲವಂತಕ್ಕೆ ಸಿಕ್ಕಿದ ಹೆಣ್ಣುಮಗಳಿಗೆ ಅದೇ ಕಾಯ್ದೆ ರಕ್ಷಣೆ ಕೊಟ್ಟಿದೆ.

ಪ್ರಶ್ನೆ: ರೇಷ್ಮೆ ಹುಳುವಿನಲ್ಲೂ ತೀರ್ಮಾನ ಗಂಡಿನದೇ? ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಹೆಣ್ಣು–ಗಂಡು ಹೇಗೆ ಗುರುತಿಸುತ್ತಾರೆ?
– ರೇಷ್ಮೆ ಬೆಳೆಗಾರ, ಮಳವಳ್ಳಿ

ಉತ್ತರ: ಅಲ್ಲಿ ಪೂರ್ತಿ ತಿರುಗುಮುರುಗು. ಗಂಡು ಝಡ್–ಝಡ್, ಹೆಣ್ಣು ಝಡ್–ಡಬ್ಲ್ಯು. ಹಾಗಾಗಿ ಲಿಂಗ ತೀರ್ಮಾನವಾಗುವುದು ಹೆಣ್ಣು ಚಿಟ್ಟೆಯ ಮೊಟ್ಟೆಯಲ್ಲಿ. ಡಬ್ಲ್ಯು ಒಂದಿದ್ದರೆ ಸಾಕು, ಝಡ್ ಎಷ್ಟೇ ಇರಲಿ, ಹುಳು ಹೆಣ್ಣೇ.

ಗುರುತಿಸಲು, ಪ್ಯೂಪಾ (ಗೂಡಿನೊಳಗೆ ಚಿಟ್ಟೆಯಾಗಲು ಕಾದಿರುವ ಹುಳು) ಬಲಿತು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಗೂಡಿನ ಒಂದು ತುದಿ ಕತ್ತರಿಸಿ ಹೊರತೆಗೆಯುತ್ತಾರೆ. ಎಳೆಯದಾಗಿದ್ದಾಗ ಮುಟ್ಟಿದರೆ ಚರ್ಮ ಒಡೆದು ಸಾಯುತ್ತದೆ. ಹೊಟ್ಟೆ ಮೇಲೆ ಮಾಡಿ ಬಾಲದ ಕಡೆ ನೋಡಿ: ಎಂಟನೇ ಉಂಗುರವನ್ನು ಸಣ್ಣ ಗೆರೆಯೊಂದು ಉದ್ದಕ್ಕೆ ಸೀಳಿದ್ದರೆ ಹೆಣ್ಣು. ಒಂಬತ್ತನೆಯದರಲ್ಲಿ ಬರೀ ಚುಕ್ಕೆ ಇದ್ದರೆ ಗಂಡು. ಹೆಣ್ಣು ದಪ್ಪ, ಬಾಲ ಮೊಂಡು. ಆದರೆ ಗಾತ್ರವನ್ನೇ ನಂಬಿದರೆ ಮೋಸ ಹೋಗುತ್ತೀರಿ, ಸರಿಯಾಗಿ ಮೇವು ತಿನ್ನದ ಹೆಣ್ಣೂ ಸಣ್ಣದಿರುತ್ತದೆ.

ಇಷ್ಟು ಜೋಪಾನ ಮಿಶ್ರತಳಿಗಾಗಿ: ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿ) ಗಂಡನ್ನೇ ಸೇರಿಸಬೇಕು. ಚಿಟ್ಟೆ ಬೆಳಗಿನ ಜಾವ ಹೊರಬಂದ ಸ್ವಲ್ಪ ಹೊತ್ತಿಗೇ ಜೋಡಿಯಾಗುತ್ತದೆ. ಹೆಣ್ಣಿನ ತಟ್ಟೆಯಲ್ಲಿ ಅದೇ ತಳಿಯ ಗಂಡು ತಪ್ಪಿ ಉಳಿದಿದ್ದರೆ ಆ ಜೋಡಿಯ ಮೊಟ್ಟೆ ಮಿಶ್ರತಳಿಯಾಗದು. ಅದಕ್ಕೇ ಕೋಠಿಯವರು ನಸುಕಿನಲ್ಲೇ ಎದ್ದು ತಟ್ಟೆಗಳನ್ನು ಮತ್ತೊಮ್ಮೆ ನೋಡಿ, ಉಳಿದ ಗಂಡುಗಳನ್ನು ಆರಿಸಿ ತೆಗೆಯುತ್ತಾರೆ.