ವಯನಾಡಿಂದ ಬಂದ ತಮ್ಮನಿಗೆ ನಿದ್ದೆ ಇಲ್ಲ, ಇದು ತಾನಾಗೇ ಹೋಗುತ್ತಾ ಅಂತ ಕೇಳಿದ ಅಕ್ಕನಿಗೆ

ಅಕ್ಕ, ನೀವು ಬರ್ದಿರೋದನ್ನ ಮೂರ್ ಸಲ ಓದ್ದೆ. ತಮ್ಮ ಆಂಬುಲೆನ್ಸ್ ಓಡಿಸ್ತಾನೆ, 2024ರ ಜುಲೈ ಕೊನೇಲಿ ವಯನಾಡಲ್ಲಿ ಗುಡ್ಡ ಕುಸಿದಾಗ ಯಾರೂ ಕರೀದೆ ಫ್ರೆಂಡ್ಸ್ ಜೊತೆ ತಾನೇ ಹೋದ, ಹತ್ತು ದಿನ ಹೆಣ ಸಾಗಿಸ್ದ, ವಾಪಸ್ ಬಂದಾಗ ಚೆನ್ನಾಗೇ ಇದ್ದ, ಈಗ ರಾತ್ರಿ ಮಲಗಲ್ಲ, ಮಕ್ಕಳು ಜೋರಾಗಿ ಕಿರುಚಿದ್ರೆ ಹೊಡೆಯೋಕೆ ಹೋಗ್ತಾನೆ, ಮನೇಲಿ ಗಾಳಿ ಸೋಕಿದೆ ಅಂತ ತಾಯತ ಕಟ್ಸಿದಾರೆ, ಇದು ತಾನಾಗೇ ಹೋಗುತ್ತಾ ಅಂತ ನಿಮ್ಮ ಪ್ರಶ್ನೆ. ಕೆಲವರಿಗೆ ತಾನಾಗೇ ಹೋಗುತ್ತೆ, ನನಗೆ ಹೋಗ್ಲಿಲ್ಲ. ನಿಮ್ಮ ತಮ್ಮನಿಗೆ ವರ್ಷದ ಮೇಲಾಗಿದೆ ಅಂತೀರ, ಅದಕ್ಕೆ ಇನ್ನು ಕಾಯ್ಬೇಡಿ ಅಂತ ಮೊದಲೇ ಹೇಳ್ಬಿಡ್ತೀನಿ.

ನಾನು ಬಂಗಾರಪೇಟೆ ಹತ್ರದ ಹಳ್ಳಿಯವನು, ಹಿಟಾಚಿ ಆಪರೇಟರ್. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿದಾಗ ನಮ್ಮ ಕಂಟ್ರಾಕ್ಟರ್ ಫೋನ್ ಮಾಡಿ ಗಾಡಿ ಟ್ರೈಲರ್‌ಗೆ ಹತ್ಸು ಅಂದ್ರು, ಹತ್ಸಿ ಹೋದೆ. ಅಲ್ಲೀವರೆಗೆ ನಾನು ಮಾಡಿದ್ದು ಕ್ವಾರಿ ಕೆಲಸ, ಲೇಔಟ್ ಲೆವೆಲಿಂಗು, ಅಷ್ಟೇ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯೋ ರೋಡು ಜೋಡುಪಾಲ, ಮದೆನಾಡು ಹತ್ರ ಎಲ್ಲಾ ಕೊಚ್ಕೊಂಡ್ ಹೋಗಿತ್ತು. ಮೊದಲೆರಡು ದಿನ ಬರೀ ರೋಡ್ ಬಿಡಿಸೋ ಕೆಲಸ. ಮೂರನೇ ದಿನ ಒಳಗಡೆ ಒಂದು ಕಡೆ ಕರ್ಕೊಂಡ್ ಹೋಗಿ, ಇಲ್ಲೊಂದು ಮನೆ ಇತ್ತು, ನಿಧಾನಕ್ಕೆ ತೆಗೀಬೇಕು, ಬಕೆಟ್ ಹಲ್ಲು ತಾಗಬಾರ್ದು ಅಂದ್ರು.

ಮೆಷಿನ್ ಓಡಿಸೋರಿಗೆ ಮಾತ್ರ ಗೊತ್ತಿರೋ ಒಂದು ವಿಷ್ಯ ಇದೆ. ಮಣ್ಣಿನ ಒಳಗೆ ಏನಿದೆ ಅಂತ ಕಣ್ಣಿಗಿಂತ ಮೊದಲು ಲಿವರ್ ಹಿಡಿದ ಕೈಗೆ ಗೊತ್ತಾಗುತ್ತೆ, ಕಲ್ಲಿಗೆ ತಾಗಿದ್ರೆ ಒಂಥರ, ಬೇರಿಗೆ ತಾಗಿದ್ರೆ ಒಂಥರ. ಅಲ್ಲಿ ಮಣ್ಣು ನಮ್ಮ ಕೋಲಾರದ ಮಣ್ಣಲ್ಲ, ರಾಗಿ ಅಂಬಲಿ ಥರ, ಒಂದು ಬಕೆಟ್ ತೆಗೆದ್ರೆ ಎರಡು ಬಕೆಟ್ ಜಾರಿ ಬಂದು ಕೂತ್ಕೊಳ್ಳುತ್ತೆ. ಆರು ದಿನ ಪ್ರತಿ ಬಕೆಟ್‌ಗೂ ಈಗ ಮೆತ್ತಗಿರೋದು ಏನೋ ತಾಗುತ್ತೆ, ಈಗ ತಾಗುತ್ತೆ ಅಂತ ಹಲ್ಲು ಕಚ್ಕೊಂಡು ಕೂತಿದ್ದೆ. ತಾಗಿದ್ದೂ ಆಯ್ತು, ಅದನ್ನ ಇಲ್ಲಿ ಬರೆಯಲ್ಲ. ಆದ್ರೆ ನನ್ನ ತಲೇಲಿ ಉಳಿದಿದ್ದು ಅದಲ್ಲ ಅಕ್ಕ, ಒಂದು ಸ್ಕೂಲ್ ಬ್ಯಾಗು. ಒಳಗಿದ್ದ ನೋಟ್‌ಬುಕ್ಕಿನ ಲೇಬಲ್ ಮೇಲೆ ಹೆಸರು, ಕ್ಲಾಸು. ನಾನು ಅದನ್ನ ಓದಿಬಿಟ್ಟೆ. ನನ್ನ ಮಗಳೂ ಆವಾಗ ಅದೇ ಕ್ಲಾಸು.

ಇದರ ಬಗ್ಗೆ ಸ್ಟಡಿ ಆಗಿದೆ ಅಂತ ನನಗೆ ಆಮೇಲೆ ಗೊತ್ತಾಯ್ತು. 1989ರಲ್ಲಿ ಅಮೆರಿಕಾದ ಅಯೋವಾ ಅನ್ನೋ ಯುದ್ಧನೌಕೆಯ ಫಿರಂಗಿ ಗೋಪುರದಲ್ಲಿ ಸ್ಫೋಟ ಆಗಿ 47 ಜನ ಸತ್ತಾಗ ಹೆಣಗಳ ಕೆಲಸಕ್ಕೆ ನಿಂತ ವಾಲಂಟಿಯರ್‌ಗಳನ್ನ ರಾಬರ್ಟ್ ಉರ್ಸಾನೋ ಅನ್ನೋ ಮನೋವೈದ್ಯರು, ಅವರ ಜೊತೆಯವರು ಸ್ಟಡಿ ಮಾಡಿದ್ರು. ಈ ಸತ್ತವನು ನನ್ನ ಸ್ನೇಹಿತ ಆಗಿರಬಹುದಿತ್ತು ಅಂತ ಯಾರಿಗೆ ಅನ್ನಿಸ್ತೋ ಅವರಲ್ಲೇ ತೊಂದರೆ ಜಾಸ್ತಿ ಕಂಡಿತ್ತು. ಅದಕ್ಕೇ ಟ್ರೈನಿಂಗ್ ಇರೋ ಟೀಮಲ್ಲಿ ಸತ್ತವರ ಸಾಮಾನು ಅನಾವಶ್ಯಕವಾಗಿ ನೋಡ್ಬೇಡ, ಮುಖ ದಿಟ್ಟಿಸ್ಬೇಡ ಅಂತ ಮೊದಲೇ ಹೇಳಿ ಕಳಿಸ್ತಾರೆ. ನಮಗೆ ಯಾರು ಹೇಳ್ಬೇಕಿತ್ತು? ಎನ್‌ಡಿಆರ್‌ಎಫ್‌ನವರಿಗೆ ಬೆಟಾಲಿಯನ್ ಇದೆ, ಪೊಲೀಸರಿಗೆ ಸ್ಟೇಷನ್ ಇದೆ, ನಿರಾಶ್ರಿತರಿಗೆ ಕ್ಯಾಂಪ್ ಇದೆ. ಹಿಟಾಚಿಯವನು, ಟಿಪ್ಪರ್‌ನವನು, ಆಂಬುಲೆನ್ಸ್ ತಗೊಂಡು ಹೋದ ಹುಡುಗ, ಇವರ ಹೆಸರು ಯಾವ ಲಿಸ್ಟಲ್ಲೂ ಇರಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕಳಿಸಿದ್ರೆ ಮುಗೀತು. ಇದು ನನಗೆ ಇವತ್ತಿಗೂ ನೋವಿರೋ ಮಾತು.

2001ರಲ್ಲಿ ನ್ಯೂಯಾರ್ಕಿನ ಜೋಡಿ ಕಟ್ಟಡ ಬಿದ್ದಾಗ ಅಲ್ಲಿ ಕೆಲಸ ಮಾಡಿದ ಸುಮಾರು 29 ಸಾವಿರ ಜನರನ್ನ ಎರಡು ಮೂರು ವರ್ಷ ಆದ್ಮೇಲೆ ವಿಚಾರಿಸಿದ್ರಂತೆ. ಒಟ್ಟಾರೆ ನೂರಕ್ಕೆ 12.4 ಜನಕ್ಕೆ ಪಿಟಿಎಸ್‌ಡಿ, ಅಂದ್ರೆ ಭಯಾನಕವಾದ್ದನ್ನ ಕಂಡ ಮೇಲೆ ಮನಸ್ಸಿಗೆ ಹತ್ಕೊಳ್ಳೋ ಕಾಯಿಲೆಯ ಲಕ್ಷಣ ಇತ್ತು. ಅದರಲ್ಲಿ ಪೊಲೀಸರಲ್ಲಿ 6.2, ಯಾವ ಸಂಸ್ಥೆಗೂ ಸೇರದೆ ತಾವಾಗೇ ಬಂದ ವಾಲಂಟಿಯರ್‌ಗಳಲ್ಲಿ 21.2. ಮೂರು ಪಟ್ಟಿಗಿಂತ ಜಾಸ್ತಿ. ತನ್ನ ದಿನನಿತ್ಯದ ಕಸುಬಲ್ಲದ ಕೆಲಸ ಮಾಡಿದವರಿಗೆ, ಜಾಸ್ತಿ ದಿನ ಅಲ್ಲೇ ಇದ್ದವರಿಗೆ ಹೆಚ್ಚು ಹೊಡ್ತ. ಹಾಗಾಗಿ ನಿಮ್ಮ ತಮ್ಮ ವೀಕು, ಧೈರ್ಯ ಸಾಲ್ದು ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಅವನ ಮುಂದೆ ಆ ಮಾತು ಬರೋಕೆ ಬಿಡ್ಬೇಡಿ. ವಯನಾಡಲ್ಲಿ ಚಾಲಿಯಾರ್ ಹೊಳೇಲಿ ತೇಲಿ ಬಂದವರನ್ನ ನಿಲಂಬೂರಿಂದ ಮೇಪ್ಪಾಡಿಗೆ ಆಂಬುಲೆನ್ಸಲ್ಲೇ ಸಾಗಿಸಿದ್ದು, ಗುರುತು ಸಿಗದವರನ್ನ ಪುತ್ತುಮಲದಲ್ಲಿ ನಂಬರ್ ಹಾಕಿ ಮಣ್ಣು ಮಾಡಿದ್ದು. ಅದನ್ನೆಲ್ಲ ಕಂಡ ಹುಡುಗ ಅವನು.

ಬಂದಾಗ ಚೆನ್ನಾಗಿದ್ದ, ಈಗ್ಯಾಕೆ ಹಿಂಗೆ ಅಂದ್ರಲ್ಲ, ಅದಕ್ಕೆ ನನ್ನ ಕಥೆ ಕೇಳಿ. ನಾನು ಮೂರು ವರ್ಷ ಚೆನ್ನಾಗಿದ್ದೆ, ಅಂದ್ರೆ ಚೆನ್ನಾಗಿದ್ದೆ ಅಂದ್ಕೊಂಡಿದ್ದೆ. ಸ್ವಲ್ಪ ಕುಡಿತ ಜಾಸ್ತಿ ಆಗಿತ್ತು, ಕೊಡಗಿನ ಕಡೆ ಕೆಲಸ ಬಂದ್ರೆ ಏನೋ ನೆಪ ಹೇಳ್ತಿದ್ದೆ, ಅಷ್ಟೇ. 2021ರ ನವೆಂಬರಲ್ಲಿ ನಮ್ಮ ಕಡೆ ಆ ಪಾಟಿ ಮಳೆ ಆಯ್ತಲ್ಲ, ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತು. ವರ್ಷಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ದು, ಸಾವಿರ ಅಡಿ ಕೊರೆದ್ರೂ ಬೋರಲ್ಲಿ ನೀರಿಲ್ಲ, ಕೋಡಿ ಬೀಳೋದು ಅಂದ್ರೆ ಹಬ್ಬ. ಊರೆಲ್ಲಾ ಕಟ್ಟೆ ಮೇಲೆ, ಹೆಂಗಸ್ರು ಬಾಗಿನ ತಂದಿದ್ರು, ತಮಟೆ ಬೇರೆ. ನಾನೂ ಮಗಳ ಕೈ ಹಿಡ್ಕೊಂಡು ಹೋದೆ. ಕೆಂಪು ನೀರು ಧುಮುಕೋ ಸದ್ದು ಕಿವಿಗೆ ಬಿತ್ತು, ಹಸಿ ಮಣ್ಣಿನ ವಾಸನೆ ಬಂತು, ಅಷ್ಟೇ, ಕಾಲು ಕಂಬ ಆಗೋಯ್ತು, ಎದೆ ಹೊಡ್ಕೊಳೋಕೆ ಶುರು, ನಾನು ಜೋಡುಪಾಲದಲ್ಲೇ ಇದೀನಿ. ನೆನಪಾಯ್ತು ಅಂತ ಹೇಳ್ತಿಲ್ಲ, ಅಲ್ಲೇ ಇದ್ದೆ. ಮಗಳ ಕೈ ಎಷ್ಟು ಗಟ್ಟಿಯಾಗಿ ಹಿಡ್ದಿದ್ದೆ ಅಂದ್ರೆ ಅವಳು ಅಳೋಕೆ ಶುರು ಮಾಡಿದ್ಲು.

ಅಲ್ಲಿಂದಾಚೆಗೆ ನಾಲ್ಕು ತಿಂಗಳು ನಿದ್ದೆ ಇಲ್ಲ. ಎಣ್ಣೆ ಹಾಕಿದ್ರೆ ಎರಡು ಗಂಟೆ ಮಲಗ್ತಿದ್ದೆ, ಆಮೇಲೆ ಕನಸು ಡಬಲ್ ಆಗಿ ಬರೋದು. ಹೆಲ್ಪರ್ ಹುಡುಗನ ಮೇಲೆ ಕೈ ಮಾಡ್ದೆ. ಒಬ್ರು ಡಾಕ್ಟ್ರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ರು. ಮನೇಲಿ ನಮಗೂ ಮಂತ್ರ, ತಾಯತ ಎಲ್ಲ ಆಯ್ತು.

ಕೊನೆಗೆ ನನ್ನ ಕಣ್ಣು ತೆರೆಸಿದ್ದು ಪಕ್ಕದ ಬೀದಿ ತಾತ. ಅವರು ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ ಒಳಗೆ ಕೆಲಸ ಮಾಡಿದವರು, ಕೆಳಗೆ ಬಂಡೆ ಸಿಡಿಯೋದಕ್ಕೆ ಅವರೆಲ್ಲ ಏರ್ ಬ್ಲಾಸ್ಟ್ ಅಂತಿದ್ರು, ಸಿಡಿದಾಗ ಒಳಗೆ ಸಿಕ್ಕಿಕೊಂಡವರನ್ನ ತರೋಕೆ ಹೋಗಿದ್ದೋರು. 2001ರಲ್ಲಿ ಗಣಿ ಮುಚ್ತು, ಆದ್ರೆ ತಾತ ಇವತ್ತಿಗೂ ಮನೆ ಒಳಗೆ ಮಲಗಲ್ಲ, ಚಳೀಲೂ ಜಗಲಿ ಮೇಲೇನೇ, ರಾತ್ರಿ ಪಾತ್ರೆ ಬಿದ್ರೆ ಎದ್ದು ಬೀದಿಗೆ ಓಡ್ತಾರೆ. ನಾವೆಲ್ಲ ಅದನ್ನ ಅವರ ಸ್ವಭಾವ ಅಂದ್ಕೊಂಡಿದ್ವಿ. ಒಂದ್ ರಾತ್ರಿ ನಾನು ಬೀದೀಲಿ ಓಡಾಡ್ತಿರೋದು ನೋಡಿ ಪಕ್ಕದಲ್ಲಿ ಕೂರಿಸ್ಕೊಂಡು, ನಿನಗೂ ಹತ್ಕೊಂಡ್ತಾ ಮಗ, ನಮ್ಮ ಕಾಲದಲ್ಲಿ ಯಾರೂ ಇರ್ಲಿಲ್ಲ, ನೀನಾದ್ರೂ ತೋರಿಸ್ಕೋ ಅಂದ್ರು. ಮಾರನೇ ದಿನ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ನಿಮ್ಹಾನ್ಸಲ್ಲಿ ಚೀಟಿ ಮಾಡ್ಸಿದೆ.

ಭೋಪಾಲ್ ಅನಿಲ ದುರಂತ, ಒಡಿಶಾ ಚಂಡಮಾರುತ, ಗುಜರಾತ್ ಭೂಕಂಪ, ಸುನಾಮಿ ಎಲ್ಲ ಕಡೆ ಹೋಗಿ ದುರಂತ ಕಂಡವರ ಮನಸ್ಸಿಗೆ ಚಿಕಿತ್ಸೆ ಕೊಡೋ ಕೆಲಸ ಮಾಡಿದವರು ನಿಮ್ಹಾನ್ಸಿನವರು. ಅಲ್ಲಿ ಡಾಕ್ಟರ್ ಮೇಡಂ ಹೇಳಿದ ಎರಡು ಮಾತು ನಿಮಗೆ ಬೇಕಾಗುತ್ತೆ. ಒಂದು, ಈ ಕಾಯಿಲೆ ಪೂರ್ತಿ ಕಾಣಿಸ್ಕೊಳೋದು ಆರು ತಿಂಗಳು, ಕೆಲವರಿಗೆ ವರ್ಷಗಳು ಆದ್ಮೇಲೂ ಇರಬಹುದು, ತಡ ಆಯ್ತು ಅಂತ ಅದು ಸುಳ್ಳಲ್ಲ. ಎರಡು, 2013ರಲ್ಲಿ ಬಂದ ಅಮೆರಿಕಾದ ಮನೋವೈದ್ಯರ ಕೈಪಿಡೀಲಿ ಈ ಕಾಯಿಲೆ ಬಗ್ಗೆ ಹೇಳೋವಾಗ ಸತ್ತವರ ಅವಶೇಷ ಎತ್ತೋ ಕೆಲಸದವರನ್ನೇ ಉದಾಹರಣೆಯಾಗಿ ಬರ್ದಿದಾರೆ. ನನ್ನಂಥೋರ ಕೆಲಸ ಒಂದು ಪುಸ್ತಕದಲ್ಲಿ ಇದೆ ಅಂತ ಕೇಳಿದಾಗ ನಾನು ಅಲ್ಲೇ ಅತ್ತೆ.

ಮಾತ್ರೆ ಕೊಟ್ರು, ಅದು ಗುಣ ತೋರಿಸೋಕೆ ನಾಲ್ಕೈದು ವಾರ ಹಿಡೀತು, ಮಧ್ಯದಲ್ಲಿ ಬಿಡ್ಬೇಡಿ ಅಂತ ನಿಮ್ಮ ತಮ್ಮನಿಗೂ ಹೇಳಿ. ಮಾತ್ರೆಗಿಂತ ಹೆಚ್ಚು ಸಹಾಯ ಆಗಿದ್ದು ಥೆರಪಿ. ಆ ಆರು ದಿನಾನ ಮೊದಲಿಂದ ಕೊನೇವರೆಗೆ ಹೇಳಿಸ್ತಾರೆ, ನಮಗೆ ತಡ್ಕೊಳೋಕೆ ಆಗೋಷ್ಟು, ಮತ್ತೆ ಮತ್ತೆ. ಆಮೇಲೆ ಏನನ್ನ ತಪ್ಪಿಸ್ಕೊಂಡು ಓಡಾಡ್ತೀವೋ ಅದರ ಹತ್ರ ಸ್ವಲ್ಪ ಸ್ವಲ್ಪ ಹೋಗೋದು, ನಾನು ಮೊದಲು ಕೆರೆ ಕಟ್ಟೆಗೆ ದೂರದಲ್ಲಿ ಕೂತೆ, ಆಮೇಲೆ ತೂಬಿನ ಹತ್ರ. ಈಗಲೂ ಮಳೆಗಾಲದಲ್ಲಿ ವಾರಕ್ಕೊಂದು ಕೆಟ್ಟ ರಾತ್ರಿ ಬರುತ್ತೆ, ಸುಳ್ಳು ಹೇಳಲ್ಲ. ಆದ್ರೆ ಕೆಲಸಕ್ಕೆ ವಾಪಸ್ ಹೋಗಿದೀನಿ, ಕೃಷಿ ಹೊಂಡ ತೆಗೀತೀನಿ, ಮಗಳು ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡ್ತಾಳೆ.

ಈಗ ನೀವು ಮಾಡ್ಬೇಕಾಗಿದ್ದು. ಅಲ್ಲಿ ಏನ್ ನೋಡ್ದೆ ಹೇಳು ಹೇಳು ಅಂತ ಮನೆಯವರೆಲ್ಲ ಸುತ್ತ ಕೂತು ಕೇಳ್ಬೇಡಿ. ದುರಂತ ಆದ ತಕ್ಷಣ ಎಲ್ಲರನ್ನೂ ಕೂರಿಸಿ ಒಂದೇ ಸಲ ಬಾಯಿ ಬಿಡಿಸೋ ಪದ್ಧತಿ ಉಪಯೋಗ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಬಲವಂತ ಮಾಡಿದ್ರೆ ಇನ್ನೂ ಮುಚ್ಕೊಳ್ತಾನೆ. ಪಕ್ಕದಲ್ಲಿ ಇರಿ, ಊಟ ಹಾಕಿ, ಅವನು ಶುರು ಮಾಡಿದ್ರೆ ಕೇಳಿ. ಅವನು ಮಲಗಿದ್ದಾಗ ಮುಟ್ಟಿ ಎಬ್ಬಿಸ್ಬೇಡಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೀರಿ. ತಾಯತ ಇದ್ರೆ ಇರ್ಲಿ, ಬಿಚ್ಚಿಸೋಕೆ ಜಗಳ ಬೇಡ, ಆಸ್ಪತ್ರೆ ಮಾತ್ರ ತಪ್ಪಿಸ್ಬೇಡಿ. ಹೊಲದ ಔಷಧಿ ಡಬ್ಬ ಮನೇಲಿದ್ರೆ ಬೇರೆ ಕಡೆ ಬೀಗ ಹಾಕಿಡಿ. ಬದುಕೋದು ಬೇಡ ಅನ್ನಿಸುತ್ತೇನಪ್ಪ ಅಂತ ನೇರವಾಗಿ ಕೇಳಿ, ಕೇಳೋದರಿಂದ ಆ ಯೋಚನೆ ಹುಟ್ಟಲ್ಲ, ಹೌದು ಅಂದ್ರೆ ಒಬ್ಬನೇ ಬಿಡ್ಬೇಡಿ, ಅವತ್ತೇ ಕರ್ಕೊಂಡ್ ಹೋಗಿ.

ಬೆಂಗಳೂರು ದೂರ ಆದ್ರೆ ಜಿಲ್ಲಾಸ್ಪತ್ರೇಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಅದಕ್ಕೂ ಮೊದಲು ಟೆಲಿ ಮಾನಸ್ ಅಂತ 14416 ನಂಬರ್, 2022ರಿಂದ ಇದೆ, ಫ್ರೀ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಅವನು ಮಾಡಲ್ಲ ಅಂದ್ರೆ ಮೊದಲು ನೀವೇ ಮಾಡಿ ಕೇಳಿ, ಮನೆಯವರೂ ಮಾಡಬಹುದು.

ಹುಚ್ಚಾಸ್ಪತ್ರೆಗೆ ಬರಲ್ಲ ಅಂತ ಹಠ ಹಿಡಿದ್ರೆ ಈ ಉತ್ತರದ ಕೆಳಗೆ ಒಂದು ಮಾತು ಹಾಕಿ ಅಕ್ಕ, ನಾನು ಬಂದು ಅವನ ಜೊತೆ ಕೂರ್ತೀನಿ. ವಯನಾಡಿನ ಮಾತೇ ಎತ್ತಲ್ಲ. ಗಾಡಿ ಯಾವ್ದು, ಘಾಟಲ್ಲಿ ಬ್ರೇಕ್ ಹೆಂಗಿತ್ತು, ಅಷ್ಟು ಕೇಳ್ತೀನಿ.