ಉತ್ತರ: ಕಥೆ ಹೇಳುವ ಹಾಡು ಕಲೆಯಾಗುತ್ತದಾ?

ಮಂಜೇಶ್ವರದಲ್ಲಿ ಕೂತು ಕನ್ನಡ ರ‍್ಯಾಪ್ ಬರೆಯುತ್ತೀರಿ, ಇಂಥ ಕಥೆ ಹೇಳುವ ಹಾಡನ್ನು ಇವತ್ತಿನ ಕಲೆ ಅಂತ ಯಾರಾದರೂ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಒಪ್ಪುತ್ತಾರೆ, ಅನುಮಾನ ಬೇಡ. 2016ರಲ್ಲಿ ಹಾಡುಗಾರ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂತು. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ ಸಿಕ್ಕಿತು. ಅದುವರೆಗೆ ಆ ಪ್ರಶಸ್ತಿ ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಆಚೆ ಹೋಗಿರಲಿಲ್ಲ.

ಆದರೆ ಪ್ರಶಸ್ತಿಗಿಂತ ನಮ್ಮ ನೆಲದ್ದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಹತ್ತಿರದ ಕುಂಬಳೆ, ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು. ಇಲ್ಲಿಯ ಯಕ್ಷಗಾನದಲ್ಲಿ ಭಾಗವತರು ಹಾಡುತ್ತಲೇ ಕಥೆ ನಡೆಸುತ್ತಾರೆ. ಸನ್ನಿವೇಶ ಬದಲಾದರೆ ರಾಗ ಬದಲು, ತಾಳ ಬದಲು. ಯುದ್ಧ ಬಂತೆಂದರೆ ಚೆಂಡೆ ಏರುತ್ತದೆ. ಮಾತು ಅರ್ಥವಾಗದವರಿಗೂ ಕಥೆ ತಿರುಗಿದ್ದು ಗೊತ್ತಾಗುತ್ತದೆ. ದೈವಾರಾಧನೆಯ ಕುಣಿತವಾದ ತೆಯ್ಯಂನಲ್ಲಿ ಹಾಡುವ ತೋಟ್ಟಂ ಪಾಟಿನಲ್ಲೂ ದೈವದ ಕಥೆಯೇ ಹಾಡಾಗುತ್ತದೆ.

ನೀವು ಹಾಕಿದ ಹಾಡು ಕೇಳಿದೆ. ಸಾಲುಗಳು ತುಂಬಾ ಚೆನ್ನಾಗಿವೆ. ಆದರೆ ಅಣ್ಣ ಗಲ್ಫ್‌ಗೆ ಹೊರಡುವಾಗಲೂ ಅದೇ ಬೀಟ್, ಅಮ್ಮ ಫೋನಿಗೆ ಕಾಯುವಾಗಲೂ ಅದೇ ಬೀಟ್. ಅಲ್ಲಿ ಕಥೆ ಸಪ್ಪೆಯಾಗುತ್ತದೆ ಅಲ್ವಾ? ಫೋನಿನ ಭಾಗದಲ್ಲಿ ಬೀಟ್ ಪೂರ್ತಿ ತೆಗೆದು, ಬರೀ ದನಿ ಇಟ್ಟು ಒಮ್ಮೆ ರೆಕಾರ್ಡ್ ಮಾಡಿ. ಆಮೇಲೆ ಇಲ್ಲೇ ಹಾಕಿ, ಖಂಡಿತ ಕೇಳುತ್ತೇನೆ.